ಗೂಗಲ್ ಅರ್ಥ್ ಇಟ್ಟುಕೊಂಡು ಭೂಗೋಳ ಬಿಟ್ಟು ಬೇರೆ ಪಾಠ ಮಾಡಬಹುದಾ?

ಮದ್ದೂರು ಕಡೆಯ ಮೇಷ್ಟ್ರೊಬ್ಬರು ಕೇಳಿದ್ದಾರೆ: "ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇಲ್ಲ, ಇರುವುದು ನನ್ನ ಫೋನ್ ಒಂದೇ. ಗೂಗಲ್ ಅರ್ಥ್ ತೋರಿಸಿದರೆ ಮಕ್ಕಳು ತಮ್ಮ ಮನೆ ಹುಡುಕಿ ಖುಷಿಪಡುತ್ತಾರೆ, ಅಲ್ಲಿಗೆ ಮುಗೀತು. ಗಣಿತ, ಚರಿತ್ರೆಗೂ ಇದು ಉಪಯೋಗಕ್ಕೆ ಬರುತ್ತಾ?"

ಖಂಡಿತ ಬರುತ್ತೆ ಸರ್. ಮನೆ ಹುಡುಕುವುದನ್ನು ತಡೆಯಬೇಡಿ, ಅಲ್ಲಿಂದಲೇ ಶುರು ಮಾಡಿ. ಮನೆ ಸಿಕ್ಕ ಮೇಲೆ ಒಂದು ಪ್ರಶ್ನೆ ಹಾಕಿ, ಸುಮ್ನೆ ನೋಡಿ ಉತ್ತರ ಹೇಳಲಾಗದಂಥದ್ದು.

ಉದಾಹರಣೆಗೆ, "ನಿಮ್ಮ ಗದ್ದೆ ಎಷ್ಟು ಗುಂಟೆ?" ಅಳತೆಯ ಗುಂಡಿ ಒತ್ತಿ, ಬದುವಿನ ಮೂಲೆ ಮೂಲೆಗೆ ಬೆರಳಿಟ್ಟು ಸುತ್ತು ಮುಚ್ಚಿದರೆ ವಿಸ್ತೀರ್ಣ ಚದರ ಮೀಟರಿನಲ್ಲಿ ಬರುತ್ತದೆ. 1 ಗುಂಟೆ ಅಂದರೆ ಸುಮಾರು 101 ಚದರ ಮೀಟರ್, 40 ಗುಂಟೆಗೆ 1 ಎಕರೆ. ಭಾಗಾಕಾರ ಮಕ್ಕಳೇ ಮಾಡಲಿ. ಅಪ್ಪ ಹೇಳಿದ ಲೆಕ್ಕಕ್ಕೂ ಇದಕ್ಕೂ ಸ್ವಲ್ಪ ಹೆಚ್ಚು ಕಡಿಮೆ ಬಂದೇ ಬರುತ್ತದೆ, ಯಾಕಂದರೆ ತೆಂಗಿನ ಮರದ ನೆರಳು ಬದುವಿನ ಮೇಲೆ ಬಿದ್ದಿರುತ್ತದೆ, ಬೆರಳೂ ಅತ್ತಿತ್ತ ಜಾರಿರುತ್ತದೆ. ಆ ವ್ಯತ್ಯಾಸವನ್ನು ತಪ್ಪು ಅಂತ ತಳ್ಳಬೇಡಿ. ಟೇಪು ಹಿಡಿದು ಶಾಲೆಯ ಮೈದಾನ ಅಳೆಸಿ, ಫೋನಿನ ಅಳತೆಯ ಪಕ್ಕ ಬರೆಸಿ, ಎಲ್ಲಿ ಎಡವಿದೆವು ಅಂತ ಅವರೇ ಹುಡುಕಲಿ. ನನಗೆ ಅತಿ ಇಷ್ಟದ ಪಾಠ ಇದು.

ಚರಿತ್ರೆಗೆ ಶ್ರೀರಂಗಪಟ್ಟಣಕ್ಕಿಂತ ಬೇಕಾ? ಕಾವೇರಿ ಎರಡು ಕವಲಾಗಿ ಊರನ್ನು ಬಳಸಿ ಸಂಗಮದಲ್ಲಿ ಮತ್ತೆ ಕೂಡುವುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. "ನೀವು ದಂಡು ತಂದಿದ್ದರೆ ಯಾವ ತಿಂಗಳು, ಯಾವ ಕಡೆಯಿಂದ ನುಗ್ಗುತ್ತಿದ್ದಿರಿ?" ಅಂತ ಕೇಳಿ. ಆಮೇಲೆ ಹೇಳಿ: 1799ರ ಮೇ 4ರಂದು, ಮಳೆಗಾಲಕ್ಕೆ ಮೊದಲು, ಹೊಳೆಯಲ್ಲಿ ನೀರು ಕಡಿಮೆ ಇದ್ದಾಗ ಬ್ರಿಟಿಷರು ದಾಟಿ ಬಂದರು, ವಾಯವ್ಯ ಮೂಲೆಯಲ್ಲಿ ಫಿರಂಗಿಯಿಂದ ಒಡೆದಿದ್ದ ಗೋಡೆಯ ಕಡೆಯಿಂದ. ಆಗ ಕೆಆರ್‌ಎಸ್ ಇರಲಿಲ್ಲ ಅನ್ನುವುದನ್ನು ಮಾತ್ರ ಮರೆಯದೆ ಹೇಳಿ, ಇವತ್ತಿನ ನೀರು ನೋಡಿ ಅಂದಿನ ಹೊಳೆಯನ್ನು ಅಂದಾಜು ಮಾಡಬಾರದು.

ವಿಜ್ಞಾನಕ್ಕೆ ಬೇರೆ ಬೇರೆ ವರ್ಷದ ಹಳೆಯ ಚಿತ್ರಗಳಲ್ಲಿ ಕೆಆರ್‌ಎಸ್ ಹಿನ್ನೀರಿನ ಅಂಚು ಎಲ್ಲಿಂದ ಎಲ್ಲಿಗೆ ಸರಿದಿದೆ ಅಂತ ತೋರಿಸಿದರೂ ಸಾಕು.

ಒಂದೇ ಫೋನ್ ಅಂತ ಚಿಂತೆ ಬೇಡ. ಊರಿನ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಜೆರಾಕ್ಸ್ ಮಾಡಿಸಿ, ನಾಲ್ಕು ಮಕ್ಕಳಿಗೆ ಒಂದರಂತೆ ಕೊಡಿ. ಅರಳೀಕಟ್ಟೆ, ಕೆರೆಯ ತೂಬು, ನಾಲೆಯ ಏರಿ, ಅಜ್ಜಿ ಸೊಪ್ಪು ಕೀಳುವ ಜಾಗ, ಮ್ಯಾಪಿನಲ್ಲಿ ಹೆಸರಿಲ್ಲದ ಇವನ್ನೆಲ್ಲ ಪೆನ್ಸಿಲಿನಲ್ಲಿ ಅವರೇ ಬರೆಯಲಿ.