ಗೇಮ್ ಬಾಯ್‌ಗೆ ಬಣ್ಣ ಹಚ್ಚಲು 1.09 ಮಿಲಿಸೆಕೆಂಡ್

ಕೊಪ್ಪಳದ ಗವಿಮಠದ ಜಾತ್ರೆಯಲ್ಲೋ ಬಳ್ಳಾರಿಯ ಆಟಿಕೆ ಅಂಗಡಿಯಲ್ಲೋ ಕೊಂಡ ಬ್ರಿಕ್ ಗೇಮ್ ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲೆ ಬಿದ್ದಿರುತ್ತದೆ. ಹಳೆಯ ಆಟಗಳಿಗೆ ಬಣ್ಣ ಹಾಕುವ ಮಾತು ಬಂದಾಗ ‘ಇದಕ್ಕೂ ಕಲರ್ ಹಾಕಾಕ್ ಬರ್ತೈತೇನ್ರಿ?’ ಎಂಬ ಪ್ರಶ್ನೆ ಸಹಜ. ಬರುವುದಿಲ್ಲ. ಅದರ ಪರದೆಯ ಚೌಕಗಳು ಗಾಜಿನಲ್ಲೇ ಅಚ್ಚಾಗಿವೆ, ಆಟವೂ ಕಪ್ಪು ಅಂಟಿನ ಹನಿಯ ಕೆಳಗಿನ ಚಿಪ್‌ನಲ್ಲಿ ಸೀಲಾಗಿದೆ. ನಿಂಟೆಂಡೊ 1989ರಲ್ಲಿ ತಂದ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರ ಹಾಗಲ್ಲ. ಆಟ ತೆಗೆದು ಹಾಕಬಹುದಾದ ಕಾರ್ಟ್ರಿಜ್‌ನಲ್ಲಿರುತ್ತದೆ. ನಿಮ್ಮದೇ ಕಾರ್ಟ್ರಿಜ್‌ನಿಂದ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಿದ್ದಿದರೆ, 1998ರ ಗೇಮ್ ಬಾಯ್ ಕಲರ್‌ನಲ್ಲಿ ಅದು ನಿಜವಾದ ಬಣ್ಣದಲ್ಲೇ ಓಡುತ್ತದೆ.

ಪರದೆ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆ. ಅದನ್ನು 8×8 ಚುಕ್ಕೆಯ ಟೈಲ್‌ಗಳಾಗಿ ಒಡೆದರೆ ಒಟ್ಟು 360. ಹಳೆಯ ಯಂತ್ರದಲ್ಲಿ ಒಂದು ಚುಕ್ಕೆಗೆ ಎರಡೇ ಬಿಟ್, ಹಾಗಾಗಿ ನಾಲ್ಕೇ ಛಾಯೆ. ಕಲರ್ ಯಂತ್ರ ಆ ಎರಡು ಬಿಟ್‌ಗಳನ್ನು ಹಾಗೆಯೇ ಉಳಿಸಿಕೊಂಡು, ಹಿನ್ನೆಲೆಗೆ ಎಂಟು ಪ್ಯಾಲೆಟ್, ಓಡಾಡುವ ಚಿತ್ರಗಳಿಗೆ, ಅಂದರೆ ಸ್ಪ್ರೈಟ್‌ಗಳಿಗೆ, ಇನ್ನೆಂಟು ಪ್ಯಾಲೆಟ್ ಕೊಡುತ್ತದೆ. ಪ್ರತಿ ಪ್ಯಾಲೆಟ್‌ನಲ್ಲಿ ನಾಲ್ಕು ಬಣ್ಣ (ಸ್ಪ್ರೈಟ್‌ಗಳಲ್ಲಿ ಒಂದು ಜಾಗ ಪಾರದರ್ಶಕ), 32,768 ಬಣ್ಣಗಳಲ್ಲಿ ಬೇಕಾದವನ್ನು ಆರಿಸಬಹುದು. ಕಿನ್ನಾಳದ ಗೊಂಬೆ ಮಾಡುವವರ ಮುಂದೆ ನಾಲ್ಕು ನಾಲ್ಕು ಬಣ್ಣದ ಎಂಟು ತಟ್ಟೆಗಳಿಟ್ಟು, ಒಂದು ಗೊಂಬೆಗೆ ಒಂದೇ ತಟ್ಟೆ ಎಂದು ಕಟ್ಟಳೆ ಹಾಕಿದ ಹಾಗೆ: ಒಂದು ಟೈಲ್‌ಗೆ ಒಂದೇ ಪ್ಯಾಲೆಟ್. ಮರದ ಕಾಂಡ, ಎಲೆ, ಹಿಂದಿನ ಆಕಾಶ ಮೂರೂ ಒಂದೇ ಟೈಲ್‌ನಲ್ಲಿ ಬಂದರೆ ನಾಲ್ಕು ಬಣ್ಣದಲ್ಲೇ ಸಂಭಾಳಿಸಬೇಕು. ಆಕಾಶದ ನೀಲಿ ಸಾಮಾನ್ಯವಾಗಿ ಎಲ್ಲ ಪ್ಯಾಲೆಟ್‌ಗಳಲ್ಲೂ ಒಂದು ಜಾಗ ತಿನ್ನುವುದರಿಂದ ಕೈಗೆ ಉಳಿಯುವುದು ಮೂರೇ.

ಮೊದಲ ತಿದ್ದುಪಡಿ ಒಂದೇ ಬೈಟ್. ಫೈಲಿನ ಬೈಟ್‌ಗಳನ್ನು ನೇರವಾಗಿ ತಿದ್ದುವ ಹೆಕ್ಸ್ ಎಡಿಟರ್‌ನಲ್ಲಿ 0143ನೇ ವಿಳಾಸಕ್ಕೆ 80 ಎಂದು ಬರೆದರೆ ಯಂತ್ರ ಆಟವನ್ನು ಕಲರ್ ಆಟವೆಂದು ಒಪ್ಪುತ್ತದೆ. ಜೊತೆಗೆ 014ಡಿ ವಿಳಾಸದ ಚೆಕ್‌ಸಮ್ಮನ್ನೂ (ಬೈಟ್‌ಗಳು ಸರಿಯಿವೆಯೇ ಎಂದು ತಾಳೆನೋಡುವ ಸಂಖ್ಯೆ) ಹೊಸದಾಗಿ ಲೆಕ್ಕ ಹಾಕಬೇಕು, ಇಲ್ಲವಾದರೆ ನಿಜವಾದ ಯಂತ್ರ ಲೋಗೋ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್‌ಗಳ ಪೈಕಿ ಚೆಕ್‌ಸಮ್ ನೋಡದವುಗಳಲ್ಲಿ ಈ ತಪ್ಪು ಕಾಣುವುದೇ ಇಲ್ಲ.

ಇಷ್ಟು ಮಾಡಿ ಆಟ ಹಚ್ಚಿದರೆ ಸಂಗೀತ ಕೇಳುತ್ತದೆ, ಹಿನ್ನೆಲೆ ಮಾತ್ರ ಪೂರ್ತಿ ಬಿಳಿ! ಕಲರ್ ಮೋಡ್‌ನಲ್ಲಿ ಹಿನ್ನೆಲೆಯ ಪ್ಯಾಲೆಟ್‌ಗಳೆಲ್ಲ ಬಿಳಿಯಿಂದಲೇ ಶುರುವಾಗುತ್ತವೆ, ಅವನ್ನು ತುಂಬುವ ಕೋಡ್ ನಾವೇ ಬರೆಯಬೇಕು. ಹಳೆಯ ಛಾಯೆಗಳನ್ನು ಆಳುತ್ತಿದ್ದ ಎಫ್‌ಎಫ್47 ರಿಜಿಸ್ಟರ್‌ಗೂ (ಯಂತ್ರದ ಸೆಟ್ಟಿಂಗ್ ಹಿಡಿದಿಡುವ ಜಾಗ) ಈಗ ಬೆಲೆಯಿಲ್ಲ. ಪರದೆ ಮೆಲ್ಲಗೆ ಕಪ್ಪಾಗುವುದು, ಏಟು ಬಿದ್ದಾಗ ಮಿನುಗುವುದು ಇಂಥವನ್ನೆಲ್ಲ ಆಟಗಳು ಆ ರಿಜಿಸ್ಟರ್‌ನಿಂದಲೇ ಮಾಡಿಸುತ್ತಿದ್ದವು. ಅದಕ್ಕೆ ಬರೆಯುವ ಪ್ರತಿಯೊಂದು ಕಡೆಯನ್ನೂ ಕೋಡ್ ಹೆಜ್ಜೆಹೆಜ್ಜೆಯಾಗಿ ತೋರಿಸುವ ಡಿಬಗರ್‌ನಲ್ಲಿ ಹುಡುಕಿ, ಅಲ್ಲಿಂದ ನಮ್ಮ ಕೋಡಿಗೆ ತಿರುಗಿಸಬೇಕು. ಬೇಸರದ ಕೆಲಸ, ಆದರೆ ಬಿಟ್ಟರೆ ಪ್ಯಾಚ್, ಅಂದರೆ ನಮ್ಮ ತಿದ್ದುಪಡಿ, ಅರೆಬೆಂದಂತೆ ಕಾಣುತ್ತದೆ.

ಸ್ಪ್ರೈಟ್‌ಗಳದ್ದು ಇನ್ನೊಂದು ತಕರಾರು. ಪ್ರತಿ ಸ್ಪ್ರೈಟ್‌ನ ನಾಲ್ಕನೇ ಬೈಟ್‌ನ ಕೊನೆಯ ನಾಲ್ಕು ಬಿಟ್‌ಗಳನ್ನು ಹಳೆಯ ಯಂತ್ರ ನೋಡುತ್ತಲೇ ಇರಲಿಲ್ಲ, ಹಾಗಾಗಿ ಕೆಲವು ಆಟಗಳು ಅಲ್ಲಿ ಕಸ ಬಿಟ್ಟಿರುತ್ತವೆ. ಕಲರ್‌ನಲ್ಲಿ ಅವುಗಳಲ್ಲಿ ಮೂರು ಪ್ಯಾಲೆಟ್ ಸಂಖ್ಯೆ, ನಾಲ್ಕನೆಯದು ಮೆಮೊರಿ ಬ್ಯಾಂಕ್ (ವಿಡಿಯೊ ಮೆಮೊರಿಯ ಎರಡು ಭಾಗಗಳಲ್ಲಿ ಯಾವುದು ಎಂಬುದು). ನಾಯಕನ ತಲೆ ಹಸಿರು, ಕಾಲು ಮಾಯ ಎನ್ನುವ ಸ್ಥಿತಿ ಬಂದರೆ ಮೊದಲು ನೋಡಬೇಕಾದದ್ದು ಇಲ್ಲಿಯೇ. ಒಂದರ ಮೇಲೊಂದು ಬಿದ್ದ ಸ್ಪ್ರೈಟ್‌ಗಳಲ್ಲಿ ಯಾವುದು ಮುಂದೆ ಎಂಬ ನಿಯಮವೂ ಬದಲಾಗಿದೆ: ಮೊದಲು ಎಡಕ್ಕಿದ್ದದ್ದು ಮುಂದೆ ಬರುತ್ತಿತ್ತು, ಈಗ ಪಟ್ಟಿಯಲ್ಲಿ ಮೊದಲಿದ್ದದ್ದು.

ಇವೆಲ್ಲ ತಾಳ್ಮೆಯಿಂದ ಬಗೆಹರಿಯುತ್ತವೆ. ನಿಜವಾದ ಕಷ್ಟ ಇರುವುದು ಸಮಯದಲ್ಲಿ. ಯಾವ ಟೈಲ್‌ಗೆ ಯಾವ ಪ್ಯಾಲೆಟ್ ಎಂಬುದನ್ನು ವಿಡಿಯೊ ಮೆಮೊರಿಯ ಎರಡನೇ ಬ್ಯಾಂಕ್‌ನಲ್ಲಿ ಬರೆಯಬೇಕು. ಪರದೆಯ ಗೆರೆಗೆ ಚುಕ್ಕೆ ಬಿಡಿಸುತ್ತಿರುವಾಗ ಆ ಮೆಮೊರಿಗೆ ಬರೆದದ್ದು ದಾಖಲಾಗುವುದಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ಮುನ್ನ 10 ಗೆರೆಗಳಷ್ಟು ಬಿಡುವು ಸಿಗುತ್ತದೆ. ಅದು ಸುಮಾರು 1.09 ಮಿಲಿಸೆಕೆಂಡ್, ಪ್ರೊಸೆಸರ್‌ನ 1,140 ಆವರ್ತ. ಅದರಲ್ಲೂ ಮೂಲ ಆಟದ್ದೇ ಕೆಲಸ ಇರುತ್ತದೆ, ಸ್ಪ್ರೈಟ್ ಪಟ್ಟಿಯ ನಕಲಿಗೇ 160 ಆವರ್ತ ಹೋಗುತ್ತವೆ. ಟೈಲ್‌ಗೆ 8 ಆವರ್ತ ಎಂದು ಹಿಡಿದರೂ ಇಡೀ ಪರದೆಗೆ 2,880 ಬೇಕು. ಸಾಲದೆ ಬಂದಾಗ ಆಗುವುದೇನೆಂದರೆ, ಪರದೆ ಸರಿಯುವಾಗ ಟೈಲ್ ಮೊದಲು ಬಂದು ಬಣ್ಣ ಒಂದು ಫ್ರೇಮ್ ತಡವಾಗಿ ಬರುತ್ತದೆ. ಅಂಚಿನಲ್ಲಿ ನೀಲಿ ಗೋಡೆಯೊಂದು ಕ್ಷಣ ಮಿನುಗಿ ಕಂದಾಗುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಡಿಎಂಎ, ಅಂದರೆ ಮೆಮೊರಿಯ ಬೈಟ್‌ಗಳನ್ನು ಯಂತ್ರವೇ ಒಟ್ಟಾಗಿ ನಕಲಿಸುವ ಸೌಲಭ್ಯ. ಹಳೆಯ ಆಟ 8 ಕಿಲೋಬೈಟ್ ಕೆಲಸದ ಮೆಮೊರಿಯಷ್ಟೇ ಬಲ್ಲದು, ಕಲರ್‌ನಲ್ಲಿ 32 ಇದೆ. ಹೆಚ್ಚಿನ ಜಾಗದಲ್ಲಿ ಬಣ್ಣದ ನಕ್ಷೆಯನ್ನು ಬಿಡುವಾಗಿ ಸಿದ್ಧಮಾಡಿಟ್ಟುಕೊಂಡು, ಬಿಡುವು ಸಿಕ್ಕಾಗ ಒಮ್ಮೆಲೇ ಸಾಗಿಸಬೇಕು. 16 ಬೈಟ್‌ಗೆ 8 ಆವರ್ತ, ಅಂದರೆ 18 ಸಾಲುಗಳ (ಮೆಮೊರಿಯಲ್ಲಿ ಸಾಲಿಗೆ 32 ಟೈಲ್) 576 ಬೈಟ್‌ಗೆ 288 ಆವರ್ತ ಸಾಕು. ಪ್ರೊಸೆಸರನ್ನು ದುಪ್ಪಟ್ಟು ವೇಗಕ್ಕೆ ಏರಿಸುವ ದಾರಿಯೂ ಉಂಟು. ಆದರೆ ಟೈಮರ್ ಕೂಡ ದುಪ್ಪಟ್ಟಾಗುತ್ತದೆ, ಅದನ್ನು ನೆಚ್ಚಿದ ಸಂಗೀತ ನಾಗಾಲೋಟಕ್ಕೆ ಬೀಳುತ್ತದೆ. ಇನ್ನೊಂದು ಎಚ್ಚರ: ಎರಡನೇ ಬ್ಯಾಂಕ್‌ಗೆ ಬರೆಯುತ್ತಿರುವಾಗ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಬೇರೆ ಕೋಡಿಗೆ ಹಾರಿಸುವ ಸಂಕೇತ) ನುಗ್ಗಿದರೆ ಆಟ ತನ್ನ ಟೈಲ್ ಸಂಖ್ಯೆಗಳನ್ನು ಬಣ್ಣದ ನಕ್ಷೆಯೊಳಗೆ ಸುರಿಯುತ್ತದೆ. ಟೈಲ್‌ಗಳು ತಲೆಕೆಳಗಾಗಿ, ಬಣ್ಣ ಚೆಲ್ಲಾಪಿಲ್ಲಿಯಾಗಿ ಕಂಡರೆ ಕಾರಣ ಬಹುತೇಕ ಇದೇ. ಬರೆದು ಮುಗಿಯುವವರೆಗೆ ಇಂಟರಪ್ಟ್ ನಿಲ್ಲಿಸಿ.

ಬಣ್ಣವನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಿ ತೀರ್ಮಾನಿಸಬಾರದು. ಕಲರ್‌ನ ಮೂಲ ಪರದೆಗೆ ಹಿಂಬೆಳಕಿಲ್ಲ, ಹೊರಗಿನ ಬೆಳಕನ್ನೇ ಪ್ರತಿಫಲಿಸುತ್ತದೆ. ಟ್ಯೂಬ್‌ಲೈಟ್ ಕೆಳಗೆ ಮಂಕಾದ ಕೆಂಪು ರಾಯಚೂರಿನ ಬಿಸಿಲಿನಲ್ಲಿ, ಮನೆಯ ಕಟ್ಟೆಯ ಮೇಲೆ ಕೂತು ನೋಡಿದರೆ ಚೆನ್ನಾಗಿ ಎದ್ದು ಕಾಣುತ್ತದೆ. ಎರಡೂ ಕಡೆ ನೋಡಿ, ನಡುವಿನ ಛಾಯೆ ಹಿಡಿಯುವುದು ಒಳ್ಳೆಯದು.

ಹಂಚುವಾಗ ಇಡೀ ಆಟವನ್ನು ಹಂಚುವಂತಿಲ್ಲ, ಅದರ ಹಕ್ಕು ಕಂಪನಿಯದು. ಬದಲಾದ ಬೈಟ್‌ಗಳಷ್ಟನ್ನೇ ಪ್ಯಾಚ್ ಫೈಲ್ ಮಾಡಿ ಕೊಡುತ್ತಾರೆ. ಐಪಿಎಸ್ ಮಾದರಿಯ ಫೈಲ್ ಮೂಲ ಯಾವುದೆಂದು ಕೇಳುವುದೇ ಇಲ್ಲ, ಬೇರೆ ಆವೃತ್ತಿಯ ಆಟಕ್ಕೆ ಹಾಕಿದರೂ ಬರೆದು ಕೆಡಿಸುತ್ತದೆ. ಬಿಪಿಎಸ್ ಮಾದರಿಯಲ್ಲಿ ಮೂಲದ ಚೆಕ್‌ಸಮ್ ಒಳಗೇ ಇರುವುದರಿಂದ, ತಾಳೆಯಾಗದ ಆಟಕ್ಕೆ ಹಾಕಹೋದರೆ ಪ್ಯಾಚ್ ಹಾಕುವ ತಂತ್ರಾಂಶ ತಪ್ಪು ತೋರಿಸುತ್ತದೆ. ಕೊಡುವುದಾದರೆ ಬಿಪಿಎಸ್‌ನಲ್ಲೇ ಕೊಡಿ.