ರಿಬಾವಿರಿನ್ ಎಂಬ ಜೊತೆಗಾರ: ಹೆಪಟೈಟಿಸ್ ಸಿ ಚಿಕಿತ್ಸೆ ನಡೆದು ಬಂದ ದಾರಿ

1986ರಲ್ಲಿ ಅಮೆರಿಕದ ಜೇ ಹೂಫ್‌ನಾಗಲ್ ಮತ್ತು ಅವರ ಜೊತೆಯ ವೈದ್ಯರು 10 ರೋಗಿಗಳಿಗೆ ಇಂಟರ್‌ಫೆರಾನ್ (ವೈರಸ್ ವಿರುದ್ಧ ದೇಹವೇ ತಯಾರಿಸುವ ಒಂದು ಪ್ರೋಟೀನ್‌ನ ಔಷಧಿ ರೂಪ) ಕೊಟ್ಟು ನೋಡಿದ ಪ್ರಯೋಗದ ವರದಿ ಪ್ರಕಟಿಸಿದರು. ಎಲ್ಲರಿಗೂ ಲಿವರ್ ಊತ ಇತ್ತು. ಕಾರಣ ಹೆಪಟೈಟಿಸ್ ಎ ವೈರಸ್ಸೂ ಅಲ್ಲ, ಬಿ ವೈರಸ್ಸೂ ಅಲ್ಲ. ಮತ್ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಕಳ್ಳನ ಮುಖ ಕಾಣುವ ಮೊದಲೇ ಕತ್ತಲಲ್ಲಿ ದೊಣ್ಣೆ ಬೀಸಿದ ಹಾಗೆ. ಆದರೂ ಏಟು ಬಿತ್ತು, ಹೆಚ್ಚಿನವರ ಲಿವರ್ ಪರೀಕ್ಷೆ ಸುಧಾರಿಸಿತು. ಆ ಕಳ್ಳ, ಅಂದರೆ ಹೆಪಟೈಟಿಸ್ ಸಿ ವೈರಸ್, ಸಿಕ್ಕಿದ್ದು 1989ರಲ್ಲಿ.

1991ರಲ್ಲಿ ಇಂಟರ್‌ಫೆರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವಾರಕ್ಕೆ ಮೂರು ಇಂಜೆಕ್ಷನ್. ನಿಲ್ಲಿಸಿದ ಮೇಲೆ ಬಹಳ ಜನರಲ್ಲಿ ವೈರಸ್ ಮತ್ತೆ ತಲೆ ಎತ್ತುತ್ತಿತ್ತು. ಆಗ ಬಂತು ರಿಬಾವಿರಿನ್ ಮಾತ್ರೆ. ವಿಚಿತ್ರ ಏನೆಂದರೆ, ಇದನ್ನು ಒಂದನ್ನೇ ಕೊಟ್ಟರೆ ವೈರಸ್ ಹೋಗುವುದಿಲ್ಲ. ಇಂಟರ್‌ಫೆರಾನ್ ಜೊತೆ ಸೇರಿಸಿದರೆ ಮಾತ್ರ ಕೆಲಸ. 1998ರ ದೊಡ್ಡ ಪ್ರಯೋಗದಲ್ಲಿ 48 ವಾರ ಇಂಟರ್‌ಫೆರಾನ್ ಮಾತ್ರ ಪಡೆದವರಲ್ಲಿ ಶೇ. 13 ಜನರಿಗೆ ವಾಸಿಯಾಯಿತು. ಜೋಡಿ ಔಷಧಿ ಪಡೆದವರಲ್ಲಿ ಶೇ. 38 ಜನರಿಗೆ. ಇದು ಹೇಗೆ ಸಾಧ್ಯವಾಗುತ್ತದೆ ಎನ್ನುವುದರ ಬಗ್ಗೆ ವಿಜ್ಞಾನಿಗಳು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ.

ಆದರೆ ಆ 48 ವಾರ ಕಳೆಯುವುದು ಸುಲಭ ಇರಲಿಲ್ಲ. ಇಂಟರ್‌ಫೆರಾನ್‌ನಿಂದ ಜ್ವರ, ಮೈಕೈ ನೋವು, ಕೂದಲು ಉದುರುವುದು, ಥೈರಾಯ್ಡ್ ಏರುಪೇರು. ಕೆಲವರಿಗೆ ಆತ್ಮಹತ್ಯೆಯ ಯೋಚನೆ ಬರುವಷ್ಟು ಖಿನ್ನತೆ. ರಿಬಾವಿರಿನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಮೊದಲ ಕೆಲವು ವಾರಗಳಲ್ಲೇ ಹಿಮೋಗ್ಲೋಬಿನ್ ಇಳಿಯುತ್ತದೆ, ಹೃದಯದ ಕಾಯಿಲೆ ಇದ್ದವರಿಗೆ ಇದು ಅಪಾಯ. ಹೊಟ್ಟೆಯಲ್ಲಿರುವ ಮಗುವಿಗೂ ಹಾನಿ ಮಾಡಬಲ್ಲದು. ಹಾಗಾಗಿ ಗಂಡಸು ತೆಗೆದುಕೊಳ್ಳಲಿ, ಹೆಂಗಸು ತೆಗೆದುಕೊಳ್ಳಲಿ, ಔಷಧಿ ನಿಲ್ಲಿಸಿ ತಿಂಗಳುಗಟ್ಟಲೆ ಆಗುವವರೆಗೆ ಗರ್ಭ ನಿಲ್ಲಬಾರದು ಎಂಬ ಎಚ್ಚರಿಕೆ ಇತ್ತು.

2001ರಲ್ಲಿ ವಾರಕ್ಕೊಂದೇ ಇಂಜೆಕ್ಷನ್ ಸಾಕಾಗುವ ಪೆಗ್‌ಇಂಟರ್‌ಫೆರಾನ್ ಬಂತು. ರಿಬಾವಿರಿನ್ ಜೊತೆ ಸೇರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರನ್ನು ವಾಸಿ ಮಾಡಿತು. ನನಗೆ ಈ ಅಂಕಿಗಳ ಮೇಲೆ ಒಂದು ತಕರಾರಿದೆ. ಲಿವರ್ ತೀರಾ ಹಾಳಾದವರನ್ನು, ತೀವ್ರ ಖಿನ್ನತೆ ಇದ್ದವರನ್ನು ಪ್ರಯೋಗಗಳಿಗೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಔಷಧಿ ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಲೆಕ್ಕದ ಹೊರಗೆ, ಅಲ್ವಾ?

2011ರಲ್ಲಿ ಈ ಜೋಡಿಗೆ ಮೂರನೇ ಔಷಧಿಯಾಗಿ ಟೆಲಾಪ್ರೆವಿರ್ ಅಥವಾ ಬೊಸೆಪ್ರೆವಿರ್ ಎಂಬ ಮಾತ್ರೆ ಸೇರಿತು. ಗುಣವೂ ಹೆಚ್ಚಾಯಿತು, ರಕ್ತಹೀನತೆಯೂ ಹೆಚ್ಚಾಯಿತು. ಅವುಗಳ ಆಯುಷ್ಯ ಕೆಲವೇ ವರ್ಷ.

2013ರ ಕೊನೆಗೆ ಸೊಫೊಸ್ಬುವಿರ್ ಎಂಬ ಹೊಸ ಮಾತ್ರೆ ಬಂದ ಮೇಲೆ ಆಟವೇ ಬದಲಾಯಿತು. ಇದಕ್ಕೂ ಜೊತೆಗಾರ ಬೇಕು. ಈ ವೈರಸ್ ತನ್ನ ನಕಲು ತೆಗೆಯುವಾಗ ಸಿಕ್ಕಾಪಟ್ಟೆ ತಪ್ಪು ಮಾಡುತ್ತದೆ. ಆ ತಪ್ಪುಗಳಲ್ಲೇ ಒಂದು ಔಷಧಿಗೆ ಬಗ್ಗದ ತಳಿ ಹುಟ್ಟಬಹುದು. ಎರಡು ಕಡೆಯಿಂದ ಹೊಡೆದರೆ ತಪ್ಪಿಸಿಕೊಳ್ಳುವುದು ಕಷ್ಟ. ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಎಂಬ ಇನ್ನೊಂದು ಔಷಧಿಯ ಜೊತೆ ಸಾಮಾನ್ಯವಾಗಿ 12 ವಾರ ಕೊಟ್ಟರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ವಾಸಿ. ಇಂಜೆಕ್ಷನ್ ಇಲ್ಲ. ಅಮೆರಿಕದಲ್ಲಿ ಸೊಫೊಸ್ಬುವಿರ್‌ನ ಒಂದು ಮಾತ್ರೆಗೆ 1,000 ಡಾಲರ್ ಇತ್ತು. 2014ರಲ್ಲಿ ಅದರ ಮಾಲೀಕ ಗಿಲಿಯಡ್ ಕಂಪನಿ ಭಾರತದ 7 ತಯಾರಕರಿಗೆ ಅದನ್ನು ತಯಾರಿಸುವ ಲೈಸೆನ್ಸ್ ಕೊಟ್ಟಿತು, ಅವುಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2018ರ ಜುಲೈನಲ್ಲಿ ಭಾರತದಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧಿ ಉಚಿತ.

ಹಾಗಂತ ಸುಮ್ನೆ ನುಂಗುವ ಮಾತ್ರೆಯಲ್ಲ. ಹೃದಯ ಬಡಿತ ಸರಿಪಡಿಸುವ ಅಮಿಯೊಡರೋನ್ ಜೊತೆ ಸೊಫೊಸ್ಬುವಿರ್ ಸೇರಿದರೆ ಬಡಿತ ಅಪಾಯಕಾರಿಯಾಗಿ ಇಳಿಯಬಹುದು ಎಂದು 2015ರಲ್ಲಿ ಎಚ್ಚರಿಕೆ ಬಂತು. ಸಿ ವೈರಸ್ ಹೋದ ಮೇಲೆ ಅಡಗಿ ಕೂತಿದ್ದ ಬಿ ವೈರಸ್ ಎದ್ದು ಕೆಲವರ ಪ್ರಾಣ ತೆಗೆದದ್ದು 2016ರಲ್ಲಿ ಸುದ್ದಿಯಾಯಿತು. ಅದಕ್ಕೇ ಈಗ ಚಿಕಿತ್ಸೆಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುತ್ತಾರೆ. ಇನ್ನು ಲಿವರ್ ಸೋತು ಹೊಟ್ಟೆಯಲ್ಲಿ ನೀರು ತುಂಬಿಕೊಂಡವರಿಗೆ ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಜೊತೆ ಮೂರನೆಯದಾಗಿ ಇವತ್ತಿಗೂ ಬರೆದುಕೊಡುವುದು ಅದೇ ಹಳೇ ರಿಬಾವಿರಿನ್.