ಕೆಂಡದ ಸುತ್ತ ನಿಂತವರ ಎದೆಬಡಿತ

ಚಾಮರಾಜನಗರದ ಕಡೆಯ ನಮ್ಮೂರಲ್ಲಿ ಮಾರಮ್ಮನ ಹಬ್ಬ ಎಂದರೆ ಕೊಂಡ. ಗುಡಿಯ ಮುಂದಿನ ಗುಂಡಿಯಲ್ಲಿ ಹಿಂದಿನ ಸಂಜೆಯೇ ಗಾಡಿಗಟ್ಟಲೆ ಸೌದೆ ಒಟ್ಟಿ ಬೆಂಕಿ ಹಾಕಿದರೆ ಬೆಳಗಿನ ಜಾವಕ್ಕೆ ಅದು ನಿಗಿನಿಗಿ ಕೆಂಡ. ನನಗಾಗ ಒಂಬತ್ತೋ ಹತ್ತೋ ವರ್ಷ. ಎಂಟು ದಿನ ಒಪ್ಪೊತ್ತು ಇದ್ದ ಚಿಕ್ಕಪ್ಪ ಅರಿಶಿನದ ಪಂಚೆ ಉಟ್ಟು, ಕೈಯಲ್ಲಿ ಹೊಂಬಾಳೆ ಹಿಡಿದು ಕೊಂಡದ ತಲೆಯಲ್ಲಿ ಬಂದು ನಿಂತರು. ತಮಟೆಯ ಗತ್ತು ಏರಿತು, ಜನ ‘ಉಘೇ ಉಘೇ’ ಎಂದು ಕೂಗಿದರು, ಚಿಕ್ಕಪ್ಪ ನಾಲ್ಕೈದು ಹೆಜ್ಜೆಯಲ್ಲಿ ಆಚೆ ದಾಟಿದ್ದರು. ಅವರ ಪಾದದಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ನನ್ನ ಕೈ ಹಿಡಿದು ನಿಂತಿದ್ದ ಅಜ್ಜಿಯ ಉಗುರು ಮಾತ್ರ ನನ್ನ ಅಂಗೈಯಲ್ಲಿ ನಾಲ್ಕು ಗುರುತು ಬಿಟ್ಟಿತ್ತು.

ಕಾಲು ಏಕೆ ಸುಡಲಿಲ್ಲ ಎಂಬುದಕ್ಕೆ ಭೌತಶಾಸ್ತ್ರ ನೇರವಾಗಿ ಉತ್ತರಿಸುತ್ತದೆ. ಕುದಿಯುವ ಸಾರಿನಲ್ಲಿ ಸ್ಟೀಲಿನ ಸೌಟು ಬಿಟ್ಟರೆ ಅದರ ಹಿಡಿ ಮುಟ್ಟಲಾಗದು, ಮರದ ಸೌಟನ್ನು ಆರಾಮವಾಗಿ ಹಿಡಿಯಬಹುದು. ಎರಡೂ ಅದೇ ಸಾರಿನಲ್ಲಿವೆ, ಆದರೆ ಮರದಲ್ಲಿ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ಸೌದೆಯ ಕೆಂಡವೂ ಹಾಗೆಯೇ. ಅದು ಹಗುರ, ಅದರಲ್ಲಿ ಅಡಗಿರುವ ಒಟ್ಟು ಶಾಖ ಕಡಿಮೆ, ಇರುವುದೂ ಚರ್ಮಕ್ಕೆ ಬೇಗ ಇಳಿಯದು, ಮೇಲೆ ಬೂದಿಯ ಪದರ ಬೇರೆ. ಒಂದೊಂದು ಹೆಜ್ಜೆ ತಾಗುವುದು ಸೆಕೆಂಡಿಗಿಂತ ಕಡಿಮೆ ಹೊತ್ತು. ತಡೆದು ನಿಂತರೆ, ಎಡವಿ ಬಿದ್ದರೆ ಸುಡುತ್ತದೆ. ಹಾಗೆ ಸುಟ್ಟುಕೊಂಡವರೂ ಇದ್ದಾರೆ. ಯಾವ ಹರಕೆಯೂ ಇಲ್ಲದ ವಿಚಾರವಾದಿಗಳು ಕೆಂಡ ತುಳಿದು ತೋರಿಸಿದ್ದಾರೆ. ಪವಾಡದ ಹೆಸರಿನಲ್ಲಿ ದುಡ್ಡು ಮಾಡುವವರಿಂದ ಜನರನ್ನು ಉಳಿಸಿದ ಕೆಲಸ ಅದು, ನನಗೆ ಅದರ ಬಗ್ಗೆ ಗೌರವವಿದೆ.

ಪಾದದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಅಜ್ಜಿಯ ಉಗುರಿನದು ಆಗಲಿಲ್ಲ. ಆಕೆ ಕೆಂಡದಿಂದ ಎಷ್ಟೋ ದೂರದಲ್ಲಿದ್ದಳು. ಆಕೆಗೆ ಆದದ್ದೇನು?

ಸ್ಪೇನ್‌ನಲ್ಲಿ ಸ್ಯಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಿದೆ. ಜನಸಂಖ್ಯೆ ಆರುನೂರರ ಆಸುಪಾಸು. ಪ್ರತಿವರ್ಷ ಜೂನ್ 23ರ ನಡುರಾತ್ರಿ ಅಲ್ಲಿಯೂ ಕೊಂಡ ಹಾಯುತ್ತಾರೆ. ಓಕ್ ಮರದ ಕೆಂಡದ ಹಾಸು ಏಳು ಮೀಟರ್ ಉದ್ದ. ಹೆಚ್ಚಿನವರು ತಮಗೆ ಬೇಕಾದವರೊಬ್ಬರನ್ನು ಬೆನ್ನ ಮೇಲೆ ಹೊತ್ತು ದಾಟುತ್ತಾರೆ. ನೋಡಲು ಬರುವವರು ಊರಿನ ಜನಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಇವಾನಾ ಕೊನ್ವಾಲಿಂಕಾ, ದಿಮಿತ್ರಿಸ್ ಕ್ಸಿಗಲಾಟಸ್ ಮತ್ತು ಸಂಗಡಿಗರು ಅಲ್ಲಿಗೆ ಹೃದಯಬಡಿತ ಅಳೆಯುವ ಪಟ್ಟಿಗಳನ್ನು ಹೊತ್ತು ಹೋದರು. ಮೂವತ್ತೆಂಟು ಜನರ ಎದೆಗೆ ಅವನ್ನು ಕಟ್ಟಿದರು: ಕೆಂಡ ತುಳಿಯುವವರು 12, ಸುತ್ತ ಕೂತ ಅವರ ನೆಂಟರಿಷ್ಟರು 9, ಬೇರೆ ಊರಿಂದ ನೋಡಲು ಬಂದವರು 17. ಕೆಂಡದ ಮೇಲ್ಮೈ ಆ ರಾತ್ರಿ 677 ಡಿಗ್ರಿ ಸೆಲ್ಸಿಯಸ್ ಇತ್ತು.

2011ರಲ್ಲಿ ಪ್ರಕಟವಾದ ಅದರ ಫಲಿತಾಂಶ ಓದಿದ ದಿನ ನಾನು ನನ್ನ ಅಂಗೈ ನೋಡಿಕೊಂಡೆ. ತುಳಿಯುವವರ ಎದೆಬಡಿತ ಏರಿಳಿದಂತೆ, ಸುಮ್ಮನೆ ಕೂತಿದ್ದ ನೆಂಟರ ಎದೆಬಡಿತವೂ ಅದೇ ಜಾಡಿನಲ್ಲಿ ಏರಿಳಿದಿತ್ತು. ಒಬ್ಬರು ನಡೆಯುತ್ತಿದ್ದರು, ಇನ್ನೊಬ್ಬರು ಕದಲದೆ ಕೂತಿದ್ದರು. ಆದ್ದರಿಂದ ಒಟ್ಟಿಗೆ ಕುಣಿದುದರಿಂದ ಹೀಗಾಯಿತು ಎನ್ನುವಂತಿಲ್ಲ. ಅದೇ ಬೆಂಕಿ, ಅದೇ ಸದ್ದಿನ ನಡುವೆ ಕೂತ ಹೊರಗಿನವರ ಎದೆ ಮಾತ್ರ ಈ ತಾಳಕ್ಕೆ ಸೇರಲಿಲ್ಲ. ಇನ್ನೊಂದು ಸಂಗತಿ: ತುಳಿದವರನ್ನು ಕೇಳಿದರೆ ‘ನಾವು ಶಾಂತವಾಗಿಯೇ ಇದ್ದೆವು’ ಎಂದರು. ಅವರ ಎದೆಯ ದಾಖಲೆ ತದ್ವಿರುದ್ಧ ಹೇಳುತ್ತಿತ್ತು.

ಇದಕ್ಕೆ ನೂರು ವರ್ಷ ಮೊದಲೇ ಒಬ್ಬ ಸಮಾಜಶಾಸ್ತ್ರಜ್ಞ ಹೆಚ್ಚುಕಡಿಮೆ ಇದನ್ನೇ ಊಹಿಸಿದ್ದ. ಫ್ರಾನ್ಸಿನ ಎಮಿಲ್ ಡರ್ಕೈಮ್ ಹುಟ್ಟಿದ್ದು ಯಹೂದಿ ಧರ್ಮಗುರುಗಳ ಮನೆತನದಲ್ಲಿ. ಅವನು ಮಾತ್ರ ನಂಬಿಕೆ ಬಿಟ್ಟವನು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಚರಣೆಗಳ ಬಗ್ಗೆ ಇತರರು ಬರೆದಿಟ್ಟದ್ದನ್ನು ಓದಿ 1912ರಲ್ಲಿ ಅವನು ಒಂದು ವಾದ ಮುಂದಿಟ್ಟ. ಜನ ಒಂದೆಡೆ ಸೇರಿ, ಒಂದೇ ಲಯದಲ್ಲಿ ಕೂಗಿ ಕುಣಿದಾಗ ಅವರ ನಡುವೆ ಒಂದು ಆವೇಶ ಉಕ್ಕುತ್ತದೆ. ತನಗಿಂತ ದೊಡ್ಡದೊಂದು ತನ್ನನ್ನು ಹಿಡಿದಿದೆ ಎಂದು ಪ್ರತಿಯೊಬ್ಬನಿಗೂ ಅನ್ನಿಸುತ್ತದೆ. ಆ ‘ದೊಡ್ಡದು’ ಸುಳ್ಳಲ್ಲ, ಅದು ಆ ಸಮಾಜವೇ ಎಂದ ಡರ್ಕೈಮ್. ದೇವರನ್ನು ಕಂಡವರಿಗೆ ಈ ವಿವರಣೆ ಸಾಲದು, ನನ್ನ ಅಜ್ಜಿಯಂತೂ ಒಪ್ಪುತ್ತಿರಲಿಲ್ಲ. ಆದರೆ ನಂಬಿಕೆ ಮೊದಲು, ಆಚರಣೆ ಆಮೇಲೆ ಎಂದುಕೊಂಡಿದ್ದವರ ಗಮನವನ್ನು ಅವನು ಆಚರಣೆಯ ಕಡೆಗೆ ತಿರುಗಿಸಿದ. ನಮ್ಮೂರಲ್ಲಿ ಮಾರಮ್ಮನ ತತ್ತ್ವವೇನು ಎಂದು ಯಾರೂ ಯಾರನ್ನೂ ಕೇಳಿದ್ದು ನನಗೆ ಗೊತ್ತಿಲ್ಲ. ಈ ವರ್ಷ ಸೌದೆ ಯಾರ ಮನೆಯದು ಎಂದು ಮಾತ್ರ ಕೇಳುತ್ತಿದ್ದರು.

ಎದೆಗಳು ಒಂದಾದರೆ ಕೈಯೂ ಬಿಚ್ಚುತ್ತದೆಯೇ? ಮಾರಿಷಸ್‌ನಲ್ಲಿ ಕ್ಸಿಗಲಾಟಸ್ ಅದನ್ನೂ ನೋಡಿದರು. ಅಲ್ಲಿನ ತಮಿಳರು ತೈಪೂಸಕ್ಕೆ ಮೈಗೆ ಸೂಜಿ, ಕೊಕ್ಕೆ ಚುಚ್ಚಿಕೊಂಡು, ಕಾವಡಿ ಹೊತ್ತು ಬಿಸಿಲಲ್ಲಿ ಮುರುಗನ ಗುಡಿಗೆ ನಡೆಯುತ್ತಾರೆ. ಬರೀ ಪ್ರಾರ್ಥನೆ ಮಾಡಿ ಬಂದವರಿಗೂ ಕಾವಡಿ ಹೊತ್ತು ಬಂದವರಿಗೂ ಸಂಶೋಧಕರು ತಲಾ 200 ರೂಪಾಯಿ ಕೊಟ್ಟು, ಬೇಕಿದ್ದಷ್ಟನ್ನು ಯಾರಿಗೂ ಕಾಣದಂತೆ ಗುಡಿಗೆ ಕೊಡಬಹುದು ಎಂದರು. ಪ್ರಾರ್ಥನೆಯವರು ಸರಾಸರಿ ಸುಮಾರು 80 ರೂಪಾಯಿ ಕೊಟ್ಟರೆ, ಕಾವಡಿಯವರು 130ಕ್ಕೂ ಮೇಲೆ ಕೊಟ್ಟರು. ಏನನ್ನೂ ಹೊರದೆ, ಚುಚ್ಚಿಸಿಕೊಳ್ಳದೆ ಬರೀ ಜೊತೆಗೆ ನಡೆದವರು ಇನ್ನೂ ಹೆಚ್ಚು, 160ರ ಹತ್ತಿರ. ನೋವು ಉಂಡವರಿಗಿಂತ ಅದನ್ನು ಕಣ್ಣಾರೆ ಕಂಡ ತಮ್ಮವರ ಕೈ ದೊಡ್ಡದಾಯಿತು! ಮತ್ತೆ ಅಜ್ಜಿಯೇ ನೆನಪಾಗುತ್ತಾಳೆ. ಆ ದಿನ ಮಧ್ಯಾಹ್ನ ಸೆರಗಿನ ಗಂಟು ಬಿಚ್ಚಿ ಗುಡಿಯ ತಟ್ಟೆಗೆ ಹಾಕಿದವಳು ಆಕೆ.

ಇಷ್ಟೊಂದು ಕಷ್ಟ ಯಾಕೆ ಎನ್ನುವ ಪ್ರಶ್ನೆಗೂ ಇಲ್ಲೊಂದು ಉತ್ತರದ ಎಳೆಯಿದೆ. ‘ನಾನು ನಿಮ್ಮವನು’ ಎಂದು ಬಾಯಲ್ಲಿ ಹೇಳುವುದು ಸುಲಭ, ಕೆಂಡ ತುಳಿದು ಹೇಳುವುದು ಸುಲಭವಲ್ಲ. ರಿಚರ್ಡ್ ಸೋಸಿಸ್ ಎಂಬ ಮಾನವಶಾಸ್ತ್ರಜ್ಞ ಸಂಗಡಿಗರೊಬ್ಬರ ಜೊತೆ 19ನೆಯ ಶತಮಾನದ ಅಮೆರಿಕದಲ್ಲಿ ಕೂಡಿ ಬಾಳಲು ಹೊರಟ 83 ಸಮುದಾಯಗಳ ಇತಿಹಾಸ ಕೆದಕಿದರು. ಮದ್ಯ ಬಿಡು, ಆಸ್ತಿ ಬಿಡು ಎಂದು ಹೆಚ್ಚು ಕಟ್ಟುಪಾಡು ಹಾಕಿದ ಧಾರ್ಮಿಕ ಸಮುದಾಯಗಳು ಹೆಚ್ಚು ಕಾಲ ಉಳಿದಿದ್ದವು. ಧರ್ಮದ ಹಂಗಿಲ್ಲದ ಸಮುದಾಯಗಳಿಗೆ ಅಂಥದೇ ಕಟ್ಟುಪಾಡು ಆಯುಷ್ಯ ತರಲಿಲ್ಲ. ಕಟ್ಟುಪಾಡು ಪವಿತ್ರ ಅನ್ನಿಸಿದಾಗ ಮಾತ್ರ ಅದು ಭಾರವಾಗುವುದಿಲ್ಲ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಧರ್ಮ ಜನರನ್ನು ಬೆಸೆಯುತ್ತದೆ ಎಂದು ಹೇಳಿ ಎದ್ದುಬಿಡಲು ನನಗೆ ಮನಸ್ಸಿಲ್ಲ. ಸ್ಪೇನಿನ ಆ ಹದಿನೇಳು ಜನರನ್ನು ಮರೆಯುವಂತಿಲ್ಲ. ಬೆಸುಗೆಗೆ ಒಂದು ಅಂಚಿದೆ, ಅಂಚಿನಾಚೆ ಕೂತವರ ಎದೆ ಬೇರೆಯೇ ಬಡಿಯುತ್ತದೆ. ಆ ಹದಿನೇಳು ಜನ ಪ್ರವಾಸಕ್ಕೆ ಬಂದವರು, ಬೆಳಗಾದರೆ ತಮ್ಮೂರಿಗೆ ಹೋಗುವವರು. ನಮ್ಮಲ್ಲಿ ಹಾಗಲ್ಲ. ಅಂಚಿನಾಚೆ ಇಟ್ಟವರನ್ನು ನಾವು ಅದೇ ಊರಲ್ಲೇ ಇಟ್ಟಿದ್ದೆವು.

ನಮ್ಮೂರ ಕೊಂಡದ ದಿನ ತಮಟೆ ಬಡಿಯುತ್ತಿದ್ದವರು ಹೊಲಗೇರಿಯ ನಾಲ್ವರು. ಹಿಂದಿನ ರಾತ್ರಿಯಿಂದಲೇ ಹುಲ್ಲು ಉರಿಸಿ, ಆ ಕಾವಿಗೆ ತಮಟೆ ಹಿಡಿದು, ಬೆರಳಲ್ಲಿ ತಟ್ಟಿ ನಾದ ನೋಡುತ್ತಿದ್ದರು. ಚಿಕ್ಕಪ್ಪನ ಹೆಜ್ಜೆ ಎದ್ದದ್ದು ಆ ಪೆಟ್ಟಿಗೆ, ಅಜ್ಜಿಯ ಕೈ ಬಿಗಿದದ್ದೂ ಆ ಪೆಟ್ಟಿಗೇ. ಕೊಂಡ ಮುಗಿದು ಎಲ್ಲರೂ ಗುಡಿಯೊಳಗೆ ನುಗ್ಗಿದಾಗ ಅವರು ಹೊರಗೆ ಬೇವಿನ ಮರದ ಕೆಳಗೆ ಉಳಿದಿದ್ದರು. ಪ್ರಸಾದವನ್ನು ಯಾರೋ ಅಲ್ಲಿಗೇ ಒಯ್ದು, ಎತ್ತರದಿಂದ ಅವರ ಕೈಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಯಾರಾದರೂ ಸಂಶೋಧಕರು ಎದೆಬಡಿತದ ಪಟ್ಟಿ ಹಿಡಿದು ನಮ್ಮ ಕಡೆಗೆ ಬಂದರೆ, ಮೊದಲು ಅದನ್ನು ಆ ನಾಲ್ವರ ಎದೆಗೆ ಕಟ್ಟಿ ಎನ್ನುತ್ತೇನೆ. ಕೊಂಡ ಹಾಯುವ ಹೊತ್ತಿನಲ್ಲಿ ಒಮ್ಮೆ, ಬೇವಿನ ಮರದ ಕೆಳಗೆ ಕೂತಾಗ ಇನ್ನೊಮ್ಮೆ.